ಭಿಕ್ಷುಗಳ ಚರ್ಚಿಗೆ ಡ್ಯೂಕನ ಗುಮ್ಮಟ

ಮಿಲಾನಿನ ಸಾಂತ ಮರಿಯಾ ದೆಲ್ಲೆ ಗ್ರಾತ್ಸಿಯೆಗೆ ಬರುವ ಎಷ್ಟೋ ಮಂದಿ ಚರ್ಚಿನ ಒಳಗೆ ಕಾಲಿಡುವುದೇ ಇಲ್ಲ. ಪಕ್ಕದ ಬಾಗಿಲಲ್ಲಿ ಟಿಕೆಟ್ ತೋರಿಸಿ, ಮಠದ ಊಟದ ಮನೆಯ ಗೋಡೆಗೆ ಲಿಯೊನಾರ್ಡೊ ಡಾ ವಿಂಚಿ ಬರೆದ ‘ಕೊನೆಯ ಭೋಜನ’ವನ್ನು ಕೊಟ್ಟ 15 ನಿಮಿಷದಲ್ಲಿ ನೋಡಿ ಹೊರಟುಬಿಡುತ್ತಾರೆ. ಆ ಚಿತ್ರ ಅಲ್ಲಿಗೇ ಏಕೆ ಬಂತು ಎಂಬ ಕತೆ ಮಾತ್ರ ಪಕ್ಕದ ಚರ್ಚಿನಲ್ಲಿದೆ.

ಜಾಗ ಕೊಟ್ಟವನು ಗಾಸ್ಪರೆ ವಿಮೆರ್ಕಾತಿ, ಆಗ ಮಿಲಾನನ್ನು ಆಳುತ್ತಿದ್ದ ಸ್ಫೋರ್ಜಾ ಮನೆತನದ ದಂಡನಾಯಕ. ಅಲ್ಲಿ ಆಗಲೇ ಮೇರಿಮಾತೆಯ ಚಿತ್ರವಿದ್ದ ಪುಟ್ಟ ಗುಡಿಯೊಂದಿತ್ತು. ಅದನ್ನು ಅವನು ಡೊಮಿನಿಕನ್ನರಿಗೆ ದಾನ ಮಾಡಿದ. ಭಿಕ್ಷೆಯಲ್ಲಿ ಬದುಕಬೇಕು, ಊರ ಜನಕ್ಕೆ ಬೋಧಿಸಬೇಕು ಎಂದು 13ನೇ ಶತಮಾನದಲ್ಲಿ ಹುಟ್ಟಿದ ಪಂಥ ಅದು. ಬೋಧನೆಗೆ ಜನ ಕೂರುವಷ್ಟು ಜಾಗ ಬೇಕು. ಜಾಗಕ್ಕೂ ಕಟ್ಟಡಕ್ಕೂ ಸಿರಿವಂತರ ಕೈ ಬೇಕು. ಭಿಕ್ಷುಗಳ ಮಠಗಳು ಶ್ರೀಮಂತರ ನೆರಳಲ್ಲಿ ಬೆಳೆದದ್ದು ಹೀಗೆ.

1463ರಲ್ಲಿ ಕೆಲಸ ಶುರುವಾಯಿತು. ವಾಸ್ತುಶಿಲ್ಪಿ ಗುನಿಫೋರ್ತೆ ಸೊಲಾರಿ, ಮಿಲಾನ್ ಇರುವ ಲೊಂಬಾರ್ಡಿ ಸೀಮೆಯ ಹಳೆಯ ಪದ್ಧತಿಯಲ್ಲೇ ಕಟ್ಟಿದ. ಸುಟ್ಟ ಇಟ್ಟಿಗೆಯ ಸಾದಾ ಮುಖ, ಒಳಗೆ ಕಂಬಸಾಲುಗಳು ಹೊತ್ತ ಮೊನಚು ಕಮಾನುಗಳು, ನಡುಪಡಸಾಲೆಯ ಎರಡೂ ಬದಿಗೆ ಪಕ್ಕದ ಸಾಲುಗಳು, ಅವಕ್ಕೆ ಅಂಟಿಕೊಂಡ ಚಿಕ್ಕ ಪ್ರಾರ್ಥನಾ ಕೋಣೆಗಳು. ಚಾವಣಿ ತಗ್ಗು, ಬೆಳಕು ಮಂದ. 1482ರ ಸುಮಾರಿಗೆ ಎಲ್ಲ ಮುಗಿದಿತ್ತು.

ಹತ್ತು ವರ್ಷ ಕಳೆಯುವಷ್ಟರಲ್ಲಿ ಅದರ ಹಿಂಬದಿಯನ್ನು ಕೆಡವಿದರು. ಕೆಡವಿಸಿದವನು ಲುದೊವಿಕೊ ಸ್ಫೋರ್ಜಾ. 1492ರಲ್ಲಿ ಅವನಿನ್ನೂ ಡ್ಯೂಕ್ ಕೂಡ ಅಲ್ಲ. ಅಣ್ಣನ ಮಗನ ಹೆಸರಿನಲ್ಲಿ ಆಳುತ್ತಿದ್ದ. ತನ್ನ ಮನೆತನದ ಸಮಾಧಿಗೆ ತಕ್ಕ ಜಾಗ ಬೇಕೆಂದು ಬಲಿಪೀಠದ ಭಾಗವನ್ನೇ ಹೊಸದಾಗಿ ಎಬ್ಬಿಸಿದ. ಒಳಗೆ ದೊಡ್ಡದೊಂದು ಚೌಕ, ಅದರ ಮೇಲೆ ಅರ್ಧಗೋಳದ ಗುಮ್ಮಟ, ಎರಡು ಪಕ್ಕಕ್ಕೆ ಅರ್ಧವೃತ್ತದ ಬಾಹುಗಳು. ಹೊರಗಿನಿಂದ ಗುಮ್ಮಟ ಕಾಣದು. ಅದನ್ನು ಮುಚ್ಚಿಕೊಂಡು ಹದಿನಾರು ಮುಖದ ಗೋಪುರ ನಿಂತಿದೆ. ಇದು ವಾಸ್ತುಶಿಲ್ಪಿ ಬ್ರಮಾಂತೆಯ ಕೆಲಸವೆಂದು ವಾಡಿಕೆಯ ಮಾತು. ವೃತ್ತ, ಚೌಕಗಳ ಒಳಲೆಕ್ಕ ನೋಡಿದರೆ ಒಪ್ಪಬೇಕೆನಿಸುತ್ತದೆ. ಹೊರಮೈಯಲ್ಲಿ ಕಿಕ್ಕಿರಿದ ಸುಟ್ಟಮಣ್ಣಿನ ಅಲಂಕಾರ ನೋಡಿದಾಗ ಮಾತ್ರ, ಸ್ಥಳೀಯ ಕುಶಲಿಗರು ಅವನ ಮಾತನ್ನು ಅಷ್ಟಾಗಿ ಕೇಳಲಿಲ್ಲವೇನೋ ಅನ್ನಿಸುತ್ತದೆ ನನಗೆ.

ಬಾಗಿಲಿನಿಂದ ಒಳಕ್ಕೆ ನಡೆದರೆ ಸೊಲಾರಿಯ ಮಬ್ಬು ಒಮ್ಮೆಲೇ ಮುಗಿದು ಮೈಮೇಲೆ ಬೆಳಕು ಸುರಿಯುತ್ತದೆ. ಎರಡು ಕಾಲಗಳ ಬೆಸುಗೆಯನ್ನು ಮರೆಮಾಚಲು ಯಾರೂ ಹೆಣಗಿಲ್ಲ. ಮುಂದಿನ ಪಡಸಾಲೆಯನ್ನೂ ಲುದೊವಿಕೊ ಕೆಡವಿ ಕಟ್ಟಿಸುತ್ತಿದ್ದನೋ ಏನೋ, ಕಾಲ ಬಿಡಲಿಲ್ಲ. 1497ರ ಜನವರಿಯಲ್ಲಿ ಹೆಂಡತಿ ಬಿಯಾತ್ರಿಚೆ ದೆಸ್ತೆ ಹೆರಿಗೆಯಲ್ಲಿ ತೀರಿಕೊಂಡಳು; ವಯಸ್ಸು 21. ಅವಳನ್ನು ಇಲ್ಲೇ ಹೂಳಿದರು. ಇಬ್ಬರೂ ಪಕ್ಕಪಕ್ಕ ಮಲಗಿರುವ ಅಮೃತಶಿಲೆಯ ಪ್ರತಿಮೆಗಳನ್ನು ಕ್ರಿಸ್ತೋಫೊರೊ ಸೊಲಾರಿ ಕೆತ್ತಿದ. 1499ರಲ್ಲಿ ಫ್ರೆಂಚರು ಮಿಲಾನನ್ನು ಹಿಡಿದರು. ಮರುವರ್ಷ ಸೆರೆಸಿಕ್ಕ ಲುದೊವಿಕೊ 1508ರಲ್ಲಿ ಫ್ರಾನ್ಸಿನ ಲೋಷ್ ಕೋಟೆಯಲ್ಲಿ ಸತ್ತ. 1564ರಲ್ಲಿ ಪ್ರತಿಮೆಗಳು ಪಾವಿಯಾದ ಚೆರ್ತೋಸಾ ಮಠಕ್ಕೆ ಹೋದವು. ಈಗಲೂ ಅಲ್ಲೇ ಇವೆ.

ಊಟದ ಮನೆಯ ಚಿತ್ರವೂ ಲುದೊವಿಕೊನ ಇದೇ ಯೋಜನೆಯ ಕುಡಿ. ‘ಕೊನೆಯ ಭೋಜನ’ದ ಮೇಲಿನ ಕಮಾನುಗಳಲ್ಲಿ ಸ್ಫೋರ್ಜಾ ಲಾಂಛನಗಳಿವೆ. 1943ರ ಆಗಸ್ಟಿನ ಬಾಂಬ್ ದಾಳಿಯಲ್ಲಿ ಕೋಣೆಯ ಚಾವಣಿಯೂ ಒಂದು ಉದ್ದಗೋಡೆಯೂ ಕುಸಿದವು; ಮರಳು ಮೂಟೆಗಳ ಆಸರೆಯಿದ್ದ ಚಿತ್ರದ ಗೋಡೆ ಉಳಿಯಿತು. ಅದರ ಎದುರುಗೋಡೆಗೆ ಬೆನ್ನು ಹಾಕಿ ನಿಲ್ಲುವವರೇ ಹೆಚ್ಚು. ಅಲ್ಲಿ 1495ರಲ್ಲಿ ದೊನಾತೊ ಮೊಂತೋರ್ಫನೊ ಹಸಿಗಾರೆಯ ಮೇಲೆ ಬರೆದ ಶಿಲುಬೆಯ ದೃಶ್ಯವಿದೆ. ಬಣ್ಣ ಗಟ್ಟಿಯಾಗಿಯೇ ಉಳಿದಿದೆ. ಅದರ ಕೆಳ ಅಂಚಿನಲ್ಲಿ ಮಕ್ಕಳೊಂದಿಗೆ ಮಂಡಿಯೂರಿದ ಲುದೊವಿಕೊ, ಬಿಯಾತ್ರಿಚೆಯರನ್ನು ಆಮೇಲೆ ಒಣಗಾರೆಯ ಮೇಲೆ ಸೇರಿಸಿದ್ದು ಲಿಯೊನಾರ್ಡೊ ಎನ್ನುತ್ತಾರೆ. ಆ ಮುಖಗಳು ಅಳಿಸಿಹೋಗಿವೆ. ಉಳಿದಿರುವುದು ಮಸುಕು ಮಸುಕಾದ ಆಕಾರಗಳಷ್ಟೇ.