ಕಾಫಿ ಬೆಲೆ ಬಿದ್ದಾಗ ಕೊಡಗಿನ ಮರಗಳೂ ಬಿದ್ದವು

ಕೊಡಗಿನ ಕಾಫಿ ತೋಟಗಳಲ್ಲಿ ಅತ್ತಿ, ಹಲಸು, ನಂದಿ, ಬೀಟೆ ಉಳಿದುಕೊಂಡದ್ದು ಕಾಫಿಗೆ ನೆರಳು ಬೇಕಿತ್ತೆಂದು. 1850ರ ದಶಕದಲ್ಲಿ ಮಡಿಕೇರಿ ಸುತ್ತ ಬ್ರಿಟಿಷರ ತೋಟಗಳು ಎದ್ದಾಗ ಕಾಡು ಬಹಳಷ್ಟು ಹೋಯಿತು. ನೆರಳಿನ ಮರವನ್ನೂ ಕಡಿಯಲೇಬೇಕಾದ ಕಷ್ಟ ಬೆಳೆಗಾರನಿಗೆ ಬಂದದ್ದು ಬಹಳ ಆಮೇಲೆ.

1989ರಲ್ಲಿ, ಬೆಲೆಯನ್ನು ಹಿಡಿದಿಟ್ಟಿದ್ದ ಅಂತರರಾಷ್ಟ್ರೀಯ ಕಾಫಿ ಒಪ್ಪಂದ ಮುರಿದುಬಿತ್ತು. 1990ರ ದಶಕದಲ್ಲಿ ಕಾಫಿ ಮಂಡಳಿಯ ಖರೀದಿ ವ್ಯವಸ್ಥೆಯೂ ಮುಗಿದು, ಬೆಳೆಗಾರ ನೇರವಾಗಿ ಜಾಗತಿಕ ಮಾರುಕಟ್ಟೆಗೆ ಬಿದ್ದ. ಮೊದಲು ಒಳ್ಳೆಯ ಬೆಲೆ ಸಿಕ್ಕಿತು. 2001-02ರ ಹೊತ್ತಿಗೆ ಅದು ನೆಲಕಚ್ಚಿತು. ಬ್ಯಾಂಕ್ ಸಾಲ ತಲೆಯ ಮೇಲಿದ್ದಾಗ ತೋಟದಲ್ಲಿ ತಕ್ಷಣ ಕಾಸಾಗುವುದು ಮರವೊಂದೇ.

ಇಲ್ಲೇ ಕಾನೂನಿನ ಒಂದು ಗಂಟು ಇದೆ. ವಂಶಪಾರಂಪರ್ಯ ಹಿಡುವಳಿಯ ಜಮ್ಮಾ ಬಾಣೆಗಳು ಮೂಲದಲ್ಲಿ ಗದ್ದೆಗೆ ಸೇರಿದ ಸೊಪ್ಪು, ಸೌದೆ, ಮೇವಿನ ಜಾಗ. ಅಲ್ಲಿ ಕಾಫಿ ಬೆಳೆದರೂ, ಅನ್‌ರಿಡೀಮ್ಡ್ (ಸರ್ಕಾರಕ್ಕೆ ಹಣ ಕಟ್ಟಿ ಮರದ ಹಕ್ಕು ಬಿಡಿಸಿಕೊಳ್ಳದ್ದು) ಎಂದು ದಾಖಲಾದ ಜಾಗದ ಕಾಡುಮರದ ಬೆಲೆ ಸರ್ಕಾರಕ್ಕೆ ಸೇರಬೇಕು. ಕಾಪಾಡಿದವನಿಗೆ ಏನೂ ದಕ್ಕದು. ಆಸ್ಟ್ರೇಲಿಯಾ ಮೂಲದ ಸಿಲ್ವರ್ ಓಕ್‌ಗೆ ಆ ತೊಡಕಿಲ್ಲ, ಬೇಗ ಬೆಳೆಯುತ್ತದೆ, ಕರಿಮೆಣಸಿನ ಬಳ್ಳಿಯನ್ನೂ ಹೊರುತ್ತದೆ. ಹೀಗಾಗಿ ಅತ್ತಿ ಇದ್ದಲ್ಲಿ ಸಿಲ್ವರ್ ಓಕ್ ಬಂತು. ಇದನ್ನು ಬೆಳೆಗಾರನ ದುರಾಸೆ ಎಂದು ಬರೆದು ಮುಗಿಸುವವರಿದ್ದಾರೆ, ನಾನು ಒಪ್ಪುವುದಿಲ್ಲ.

ನೆರಳು ತೆಳುವಾದ ತೋಟ ಮತ್ತೆ ಬೆಳೆಗಾರನನ್ನೇ ಹೊಡೆಯಿತು. ಅರೇಬಿಕಾ ಜಾತಿಯ ಕಾಫಿಯನ್ನು ಕೊರೆಯುವ ಬಿಳಿ ಕಾಂಡಕೊರಕ ಹುಳುವಿಗೆ ಬಿಸಿಲು ಬಿದ್ದ ಗಿಡವೇ ಇಷ್ಟ. ಹುಳು ಹೆಚ್ಚಿದಲ್ಲಿ ಅರೇಬಿಕಾ ಕಿತ್ತು ಇನ್ನೊಂದು ಜಾತಿಯಾದ ರೋಬಸ್ಟಾ ನೆಟ್ಟರು. ರೋಬಸ್ಟಾಕ್ಕೆ ಹೂ ಅರಳಿಸುವ ಹೂಮಳೆ ಸರಿಯಾದ ಹೊತ್ತಿಗೆ ಬರಬೇಕು, ಇಲ್ಲದಿದ್ದರೆ ಫೆಬ್ರವರಿ-ಮಾರ್ಚಿನಲ್ಲಿ ಕೆರೆ, ಹೊಳೆಗೆ ಪಂಪ್ ಇಟ್ಟು ಸ್ಪ್ರಿಂಕ್ಲರ್ ಹಾಯಿಸಬೇಕು. ಹೊಳೆ ಸೊರಗುವ ಕಾಲವೂ ಅದೇ. ಇತ್ತ ಮಳೆಗಾಲದ ನೀರನ್ನು ನಿಲ್ಲಿಸಿ ಇಂಗಿಸುತ್ತಿದ್ದ ಭತ್ತದ ಗದ್ದೆಗಳು ಕೂಲಿ ಗಿಟ್ಟದೆ, ಆನೆ ಕಾಟ ತಾಳಲಾಗದೆ ಪಾಳುಬಿದ್ದವು. ಎಷ್ಟೋ ಗದ್ದೆಗೆ ಮಣ್ಣು ತುಂಬಿತು, ಅಥವಾ ಶುಂಠಿ ಬಂತು.

ಆನೆಗಳು ಈಗ ತೋಟದಲ್ಲೇ ಮರಿ ಹಾಕುತ್ತಿವೆ. ಬೇಸಿಗೆಯಲ್ಲೂ ಆರದ ಕೆರೆ, ಹಲಸಿನ ಹಣ್ಣು ಅಲ್ಲೇ ಇರುವಾಗ, ತೇಗದ ನೆಡುತೋಪು ಮತ್ತು ಲಂಟಾನ ತುಂಬಿದ ಕಾಡಿನಲ್ಲಿ ಅವಕ್ಕೇನಿದೆ? ಬೆಳಗಿನ ಮಂಜಿನಲ್ಲಿ ಕೆಲಸಕ್ಕೆ ನಡೆದು ಹೋಗುವಾಗ ಆನೆಗೆ ಎದುರಾಗುವವರು ಹೆಚ್ಚಾಗಿ ಲೈನ್ ಮನೆಯ, ಅಂದರೆ ತೋಟದ ಸಾಲುಮನೆಗಳ, ಕಾರ್ಮಿಕರು. ಅವರಲ್ಲಿ ಅನೇಕರು ಎರವರು, ಜೇನುಕುರುಬರು ಎಂಬ ಆದಿವಾಸಿಗಳು. ನಾಗರಹೊಳೆ ರಾಷ್ಟ್ರೀಯ ಉದ್ಯಾನವಾಗುವಾಗ ಹಾಡಿ (ಕಾಡಿನೊಳಗಿನ ತಮ್ಮ ಊರು) ಬಿಟ್ಟು ಹೊರಬಿದ್ದ ಕುಟುಂಬಗಳೂ ಅಲ್ಲಿವೆ. ಕಾಡು ಉಳಿಸಲು ಅವರನ್ನು ಹೊರಗೆ ಕಳಿಸಿದೆವು. ಕಾಡಿನ ಆನೆ ಅವರ ಬೆನ್ನ ಹಿಂದೆಯೇ ಬಂತು. 2016ರ ಡಿಸೆಂಬರಿನಲ್ಲಿ ಕೊಡಗಿನ ದಿಡ್ಡಳ್ಳಿಯಲ್ಲಿ ಇಂಥ ಕುಟುಂಬಗಳ ನೂರಾರು ಗುಡಿಸಲುಗಳನ್ನು ಕೆಡವಿದಾಗ ಅವರು ಕೇಳುತ್ತಿದ್ದದ್ದು ಒಂದು ಸೂರಿನ ಜಾಗ.

2018ರ ಆಗಸ್ಟಿನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲ ಸುತ್ತ ಬೆಟ್ಟ ಜಾರಿತು. ಮಳೆ ಅಸಾಮಾನ್ಯವಾಗಿತ್ತು, ನಿಜ. ಆದರೆ ರಸ್ತೆಗೆ, ಮನೆ-ಹೋಂಸ್ಟೇಗೆ ಜೆಸಿಬಿಯಿಂದ ಗುಡ್ಡದ ಇಳಿಜಾರು (ಬರೆ) ಕಡಿದದ್ದನ್ನೂ ಭೂವಿಜ್ಞಾನಿಗಳು ಬೊಟ್ಟು ಮಾಡಿ ತೋರಿಸಿದರು. ಕಾಫಿ ಸಾಕಾಗದಾಗ ಹೋಂಸ್ಟೇ ಕೂಡ ಬದುಕಿನ ದಾರಿಯೇ ಆಗಿತ್ತು.

2024ರಲ್ಲಿ ರೋಬಸ್ಟಾ ಬೆಲೆ ದಾಖಲೆ ಮುಟ್ಟಿತು. ಬೆಳೆಗಾರನ ಕೈಯಲ್ಲಿ ನಾಲ್ಕು ಕಾಸು ಓಡಾಡುವಾಗಲೇ ಮರದ ಹಕ್ಕಿನ ಗಂಟನ್ನು ಬಿಚ್ಚಬೇಕು, ಗದ್ದೆಯಲ್ಲಿ ಭತ್ತ ಉಳಿಸಿಕೊಂಡವರಿಗೆ ಬೆಂಬಲ ಸಿಗಬೇಕು, ಲೈನ್ ಮನೆಯವರಿಗೆ ನಿವೇಶನ ಸಿಗಬೇಕು. ಬೆಲೆ ಮತ್ತೆ ಇಳಿದರೆ ಮೊದಲು ಕೊಡಲಿ ಬೀಳುವುದು ಯಾವುದಕ್ಕೆ ಎಂದು ಇಲ್ಲಿ ಎಲ್ಲರಿಗೂ ಗೊತ್ತು.