ಇಂಡೋನೇಷ್ಯಾದ ಪಂಕ್ ಹುಡುಗ್ರು, ಶರಿಯಾ, ಹಿಜ್ರಾ (ಧಾರ್ಮಿಕ ಜೀವನಕ್ಕೆ ಮರಳೋದು): ಬರೆಯೋರಿಗೆ ನೋಟ್ಸ್

ಮೊದ್ಲು 1998 ತಲೇಲಿ ಇಟ್ಕೊಳ್ಳಿ. ಇಂಡೋನೇಷ್ಯಾನ ಮೂರು ದಶಕ ಆಳಿದ ಅಧ್ಯಕ್ಷ ಸುಹಾರ್ತೊ ಆ ವರ್ಷ ಮೇ ತಿಂಗಳಲ್ಲಿ ಕೆಳಗಿಳಿದ. ಜಕಾರ್ತಾ, ಬಂಡುಂಗ್‌ನಲ್ಲಿ ಪಂಕ್ (ವ್ಯವಸ್ಥೆ ಮೇಲಿನ ಸಿಟ್ಟನ್ನ ಹಾಡೋ ಒರಟು ರಾಕ್ ಸಂಗೀತ, ಅದರ ಬದುಕಿನ ರೀತಿ) ಅದಕ್ಕೂ ಮುಂಚೆನೇ ಶುರುವಾಗಿತ್ತು, ಆದ್ರೆ ಅವನು ಹೋದ್ಮೇಲೆ ಬಾಯಿ ಬಿಡೋಕೆ ಜಾಗ ಸಿಕ್ತು, ಅದೇ ಜಾಗ ಅದುವರೆಗೂ ಅದುಮಿಟ್ಟಿದ್ದ ಇಸ್ಲಾಮಿಕ್ ಸಂಘಟನೆಗಳಿಗೂ ಸಿಕ್ತು. 1997ರ ಆರ್ಥಿಕ ಕುಸಿತದಲ್ಲಿ ಕೆಲಸ ಇಲ್ಲದೆ ಬೀದಿಗೆ ಬಿದ್ದ ಹುಡುಗ್ರು ಇದ್ರಲ್ಲ, ಬಸ್ಸಲ್ಲಿ ಉಕುಲೇಲೆ (ಪುಟ್ಟ ಗಿಟಾರ್) ಬಾರಿಸಿ ಚಿಲ್ಲರೆ ಕೇಳೋರು, ಆಮೇಲೆ ಪಂಕ್ ಗುಂಪಿನೋರು, ಇಸ್ಲಾಮಿಕ್ ಸಂಘಟನೆಯೋರು ಇಬ್ರೂ ಕೈ ಚಾಚಿದ್ದು ಅಂಥವರ ಕಡೆಗೇ. ಹಾಗಾಗಿ ಇದನ್ನ ಬರೀ "ಪಂಕ್ ವರ್ಸಸ್ ಧರ್ಮ" ಅಂತ ಬರೆದ್ರೆ ಅರ್ಧ ಕಥೆ ಬಿಟ್ಟಂಗೆ.

ಆಚೆ (Aceh) ಅನ್ನೋ ಪ್ರಾಂತ್ಯದ್ದು ಬೇರೆ ಲೆಕ್ಕ. ಸುಮಾತ್ರದ ಉತ್ತರ ತುದಿ, ಪ್ರತ್ಯೇಕ ದೇಶಕ್ಕಾಗಿ ಹೋರಾಟ ನಡೀತಿತ್ತು, ಅದನ್ನ ತಣ್ಣಗೆ ಮಾಡೋಕೆ ಜಕಾರ್ತಾ 2001ರಲ್ಲಿ ಶರಿಯಾ ಜಾರಿ ಮಾಡೋ ವಿಶೇಷ ಸ್ವಾಯತ್ತತೆ ಕೊಡ್ತು. 2004ರ ಡಿಸೆಂಬರ್‌ನಲ್ಲಿ ಸುನಾಮಿ, ಮುಂದಿನ ವರ್ಷ ಹೋರಾಟಗಾರರ ಜೊತೆ ಹೆಲ್ಸಿಂಕಿ ಶಾಂತಿ ಒಪ್ಪಂದ. ಸುನಾಮಿ ನಮ್ಮ ಪಾಪಕ್ಕೆ ಬಂದ ಶಿಕ್ಷೆ ಅನ್ನೋ ಮಾತು ಅಲ್ಲಿ ಜೋರಾಗಿ ಹಬ್ಬಿತ್ತು, ಇದು ಮುಖ್ಯ, ಯಾಕಂದ್ರೆ ಮುಂದೆ ಯಾರ ನಡತೆ ಸರಿ ಇಲ್ಲ ಅಂತ ಹುಡುಕೋರಿಗೆ ಇದೇ ಬಲ.

2011ರ ಡಿಸೆಂಬರ್ 10, ಆ ಪ್ರಾಂತ್ಯದ ರಾಜಧಾನಿ ಬಂಡಾ ಆಚೆ. ಅನಾಥ ಮಕ್ಕಳಿಗೆ ದುಡ್ಡು ಕೂಡಿಸೋಕೆ ಇಟ್ಟಿದ್ದ ಪಂಕ್ ಶೋಗೆ ಪೊಲೀಸ್ರು ನುಗ್ಗಿ 60ಕ್ಕಿಂತ ಹೆಚ್ಚು ಜನರನ್ನ ಹಿಡ್ಕೊಂಡು ಹೋಗಿ, ಸೆಲಾವಾ ಪೊಲೀಸ್ ಸ್ಕೂಲಲ್ಲಿ ಹುಡುಗರ ತಲೆ ಬೋಳಿಸಿ, ಹುಡುಗೀರ ಕೂದಲು ಗಿಡ್ಡ ಮಾಡಿ, ಕಿವಿ ಮೂಗಿಂದ ರಿಂಗ್ ಕಿತ್ತು, ಕೆರೆಗಿಳಿಸಿ ಸ್ನಾನ ಮಾಡಿಸಿ, ಕೈಗೆ ಟೂತ್‌ಬ್ರಷ್ ಕೊಟ್ಟು ನಮಾಜಿಗೆ ನಿಲ್ಸಿದ್ರು. 10 ದಿನ "ತಿದ್ದೋ" ತರಬೇತಿ. ಯಾರ ಮೇಲೂ ಒಂದು ಕೇಸೂ ಹಾಕ್ಲಿಲ್ಲ! ಉಪಮೇಯರ್ ಇಲ್ಲಿಜಾ ಬಹಿರಂಗವಾಗೇ ಇದನ್ನ ಸಮರ್ಥಿಸ್ಕೊಂಡ್ರು. ಅಪರಾಧ ಇಲ್ದೆ ಶಿಕ್ಷೆ ಕೊಟ್ಟಿದ್ದು ಇದು, ಧರ್ಮದ ಹೆಸರಲ್ಲಿ ಮಾಡಿದ್ರೂ ಅನ್ಯಾಯಾನೇ.

ಜಕಾರ್ತಾ ಕಡೆ ಕಥೆ ಬೇರೆ, ಬದಲಾವಣೆ ಒಳಗಿಂದ್ಲೇ ಬಂತು. 2007ರಲ್ಲಿ ಪುಲೋಗಡುಂಗ್‌ನಲ್ಲಿ 'ಪಂಕ್ ಮುಸ್ಲಿಂ' ಅಂತ ಗುಂಪು ಹುಟ್ತು, ಗಿಟಾರೂ ಉಂಟು, ಕುರಾನ್ ಪಾಠಾನೂ ಉಂಟು. ತೆಂಗ್ಕೋರಾಕ್‌ನಂಥ ಮೆಟಲ್ ಬ್ಯಾಂಡ್‌ನೋರು ಮೆಟಲ್ ಶೋಗಳಲ್ಲಿ ಬೆರಳಲ್ಲಿ ಮಾಡೋ ಕೊಂಬಿನ ಸನ್ನೆ ಬಿಟ್ಟು, ದೇವರು ಒಬ್ಬನೇ ಅಂತ ತೋರುಬೆರಳು ಎತ್ತೋಕೆ ಶುರು ಮಾಡಿದ್ರು. ಬಂಡವಾಳಶಾಹಿ, ಅಮೆರಿಕ ಮೇಲಿನ ಸಿಟ್ಟು ಹಾಗೇ ಉಳೀತು, ಉತ್ತರ ಮಾತ್ರ ಧರ್ಮದಿಂದ ಬಂತು. ಸೇರಿದವರನ್ನ "ಬ್ರೈನ್‌ವಾಶ್ ಆದೋರು" ಅನ್ನೋದು ನಂಗೆ ಸರಿ ಕಾಣಲ್ಲ, ಮನೆಯವರೇ ಬಿಟ್ಟ ಹುಡುಗನಿಗೆ ಅಲ್ಲಿ ಊಟ, ಜೊತೆ, ಗೌರವ ಸಿಕ್ತಿತ್ತು.

ಹಿಜ್ರಾ ಅಂದ್ರೆ ಇಲ್ಲಿ ಧಾರ್ಮಿಕ ಜೀವನಕ್ಕೆ ಮರಳೋದು. ಇದರಲ್ಲಿ ಹಚ್ಚೆ ತೆಗೆಯೋ ಉಚಿತ ಲೇಸರ್ ಶಿಬಿರಗಳ ವಿಷಯ ತಪ್ಪದೆ ಬರೀರಿ: ಶುಲ್ಕದ ಬದಲು ಅರ್‌ರಹಮಾನ್ ಸೂರಾ (ಕುರಾನಿನ ಒಂದು ಅಧ್ಯಾಯ) ಬಾಯಿಪಾಠ ಒಪ್ಪಿಸ್ಬೇಕು. ಬಲವಂತ ಇಲ್ಲ ನಿಜ, ಆದ್ರೆ ಹಚ್ಚೆ ಇದ್ದೋನಿಗೆ ಕೆಲಸ ಸಿಗೋದೇ ಕಷ್ಟ, ಆದ್ರಿಂದ ಲೇಸರ್ ಕೆಳಗೆ ಕೂತೋರೆಲ್ಲ ಬರೀ ಭಕ್ತಿಯಿಂದ ಬಂದೋರು ಅಂತ ಹೇಳೋಕಾಗಲ್ಲ. ಇನ್ನು ದಕ್ಷಿಣ ಜಕಾರ್ತಾದ ಮಾರ್ಜಿನಾಲ್ ಬ್ಯಾಂಡ್‌ನೋರು ಪಂಕ್ ಮುಸ್ಲಿಂ, ಹಿಜ್ರಾ ಎರಡೂ ದಾರಿ ಹಿಡೀದೆ, ತಮ್ಮ ಮನೇಲೇ ಬೀದಿ ಮಕ್ಕಳಿಗೆ ಉಕುಲೇಲೆ, ಮರದಚ್ಚಿನ ಪ್ರಿಂಟಿಂಗ್ ಕಲಿಸ್ತಾ ಬಂದ್ರು.