ನೆರೆ ಪರಿಹಾರದ ಕಾರ್ಯಕ್ರಮದಲ್ಲಿ ಯಾವ ಹಾಡು ಹಾಡಬೇಕು?

ಓದುಗರ ಪ್ರಶ್ನೆ: ಮುಂಬಯಿ ಪಕ್ಕದ ಡೊಂಬಿವಲಿಯಲ್ಲಿರುವ ನಾವೊಂದಿಷ್ಟು ಕನ್ನಡಿಗರು ಊರ ಕಡೆಯ ನೆರೆ ಸಂತ್ರಸ್ತರಿಗಾಗಿ ಟಿಕೆಟ್ ಇಟ್ಟು ಹಾಡಿನ ಸಂಜೆ ಮಾಡ್ತಿದ್ದೇವೆ. ಬರೀ ದುಃಖದ ಹಾಡೇ ಇರಬೇಕಾ? ಖುಷಿ ಹಾಡು ಹಾಡಿದ್ರೆ ತಪ್ಪಾಗುತ್ತಾ?

ಖಂಡಿತ ತಪ್ಪಿಲ್ಲ. ದುಡ್ಡು ಕೊಟ್ಟು ಬಂದವರನ್ನು ಮೂರು ಗಂಟೆ ಅಳಿಸಿ ಕಳಿಸಿದರೆ ಯಾರಿಗೂ ಉಪಯೋಗವಿಲ್ಲ. ಎಡವಟ್ಟಾಗೋದು ಬೇರೆ ಕಡೆ, ಹಾಡಿನ ಸಾಹಿತ್ಯದಲ್ಲಿ. ಬಾಯಿಪಾಠ ಆಗಿಹೋದ ಹಾಡಿನಲ್ಲಿ ಏನು ಹೇಳಿದೆ ಅಂತ ನಾವು ಗಮನಿಸೋದನ್ನೇ ಬಿಟ್ಟಿರುತ್ತೇವೆ.

ಕುವೆಂಪು ಅವರ 'ಓ ನನ್ನ ಚೇತನ' ತಗೊಳ್ಳಿ. ಎಲ್ಲ ಕನ್ನಡ ಸಂಘದ ಪಟ್ಟಿಯಲ್ಲೂ ಇರುತ್ತೆ. ಅದರಲ್ಲಿ 'ಮನೆಯನೆಂದೂ ಕಟ್ಟದಿರು' ಅಂತ ಬರುತ್ತೆ. ಹಾಡು ದೊಡ್ಡದು, ಅದರ ಅರ್ಥವೂ ದೊಡ್ಡದು, ಆದರೆ ತಮ್ಮನ ಮನೆ ಗೋಡೆ ಕುಸಿದ ಸುದ್ದಿಯನ್ನು ಫೋನಿನಲ್ಲಿ ಕೇಳಿ ಬಂದು ಮೂರನೇ ಸಾಲಿನಲ್ಲಿ ಕೂತವರಿಗೆ ಆ ಸಾಲು ಹೇಗೆ ಕೇಳಿಸಬೇಕು ಹೇಳಿ. ಬೇಂದ್ರೆಯವರ 'ಇಳಿದು ಬಾ ತಾಯಿ' ಗಂಗೆಯನ್ನು ಧರೆಗೆ ಕರೆಯುವ ಹಾಡು. ಬರಗಾಲಕ್ಕೆ ಸರಿ, ನೆರೆಗೆ ಬೇಡ. ಮುಂಬಯಿಯಲ್ಲಿ ಮಳೆಗಾಲ ಬಂತು ಅಂದ್ರೆ ಮಳೆಯ ರಾಗ ಮಲ್ಹಾರ್ ಹಾಡೋದು ರೂಢಿ, ಅದನ್ನೂ ಈ ಒಂದು ಸಂಜೆ ಪಕ್ಕಕ್ಕಿಡಿ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದದ್ದನ್ನು ಕಂಡ ಊರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

'ಈಸಬೇಕು ಇದ್ದು ಜೈಸಬೇಕು' ಬಗ್ಗೆ ಎರಡು ಮಾತಿದೆ. ನಾನಾದರೆ ಹಾಡಿಸುತ್ತೇನೆ, ಅದರಲ್ಲಿ ಹಠ ಇದೆ. ಈಸೋದು ಅಂದರೆ ಈಜೋದು. ಹಾಗಾಗಿ ನೀರುಪಾಲಾದವರು ಜಾಸ್ತಿ ಇದ್ದರೆ ಬೇಡ. 'ಭಾಗ್ಯದ ಲಕ್ಷ್ಮೀ ಬಾರಮ್ಮ' ಹಾಡುತ್ತಾ ದುಡ್ಡು ಎತ್ತಿದರೆ ಜನ ನಗ್ತಾರೆ, ಅದು ನಿಮಗೆ ಬಿಟ್ಟದ್ದು!

ಹಾಗಾದ್ರೆ ಯಾವುದು? ಕನಕದಾಸರ 'ತಲ್ಲಣಿಸದಿರು ಕಂಡ್ಯ ತಾಳು ಮನವೇ' ಇಂಥ ಸಂಜೆಗೆಂದೇ ಬರೆದ ಹಾಗಿದೆ, ಅಳಿಸೋದೂ ಇಲ್ಲ, ಸುಮ್ನೆ ಸಮಾಧಾನದ ಉಪದೇಶವನ್ನೂ ಮಾಡೋದಿಲ್ಲ. ಬಸವಣ್ಣನವರ 'ದಯೆಯಿಲ್ಲದ ಧರ್ಮ' ಕೊಡುವವರಿಗೆ ಹೇಳಿದ ಮಾತಿನ ಹಾಗಿದೆ. ಸೊಲ್ಲಾಪುರ, ಸಾಂಗ್ಲಿ ಕಡೆಯ ನಂಟಿರುವವರು ನಿಮ್ಮಲ್ಲಿ ಇದ್ದೇ ಇರ್ತಾರೆ. ಒಂದು ಮರಾಠಿ ಅಭಂಗ ಇಡಿ. ನೊಂದವರನ್ನು ತನ್ನವರು ಅನ್ನುವವನೇ ಸಾಧು ಅಂತ ಹೇಳುವ ತುಕಾರಾಮರ 'ಜೇ ಕಾ ರಂಜಲೇ ಗಾಂಜಲೇ' ಇದೆಯಲ್ಲ, ಅದಾಗಬಹುದು. 2019ರ ಆಗಸ್ಟಿನಲ್ಲಿ ಕೃಷ್ಣೆ ಸಾಂಗ್ಲಿಯನ್ನೂ ಮುಳುಗಿಸಿದಳು, ಬೆಳಗಾವಿ, ಬಾಗಲಕೋಟೆಯ ಊರುಗಳನ್ನೂ ಮುಳುಗಿಸಿದಳು. ದಾಸರ ಪದ, ಅಭಂಗ ಎರಡನ್ನೂ ಒಂದೇ ಗಂಟಲಲ್ಲಿ ಕೇಳಿಸಿದ ಭೀಮಸೇನ ಜೋಶಿಯವರು ಹುಟ್ಟಿದ್ದು ಗದಗಿನಲ್ಲಿ, ನೆಲೆಸಿದ್ದು ಪುಣೆಯಲ್ಲಿ, ಹಾಗಾಗಿ ನಮ್ಮ ಜನಕ್ಕೆ ಇದೇನೂ ಹೊಸದಲ್ಲ.

ಖುಷಿ ಹಾಡು ಎಷ್ಟಿರಬಹುದು ಅಂತ ಅನುಮಾನ ಇದ್ದರೆ 1971ರ ಆಗಸ್ಟ್ 1ರಂದು ನ್ಯೂಯಾರ್ಕಿನಲ್ಲಿ ಬಾಂಗ್ಲಾದೇಶಕ್ಕಾಗಿ ನಡೆದ ಕಾರ್ಯಕ್ರಮ ನೋಡಿ. ಚಂಡಮಾರುತ, ಯುದ್ಧ ಎರಡರಿಂದಲೂ ತತ್ತರಿಸಿದ್ದ ಜನರಿಗಾಗಿ ಸಿತಾರ್ ವಾದಕ ರವಿಶಂಕರ್ ಮತ್ತು ಬೀಟಲ್ಸ್ ತಂಡದಲ್ಲಿದ್ದ ಗಾಯಕ ಜಾರ್ಜ್ ಹ್ಯಾರಿಸನ್ ಸೇರಿ ಮಾಡಿದ್ದು. ರವಿಶಂಕರ್, ಅಲಿ ಅಕ್ಬರ್ ಖಾನ್, ಅಲ್ಲಾ ರಖಾ ಮೊದಲು ಬಂಗಾಳದ ಜನಪದ ಧಾಟಿಯ ಧುನ್ ನುಡಿಸಿದರು. ಆಮೇಲೆ ಬಂದದ್ದು ಜನ ಕೇಳಬೇಕು ಅಂತಲೇ ಬಂದಿದ್ದ ಹಾಡುಗಳು, ಪ್ರೇಮದ ಹಾಡೂ ಸೇರಿ. ಸಂಕಟವನ್ನೇ ಹೆಸರಿಸಿ ಹ್ಯಾರಿಸನ್ ಬರೆದ ಹಾಡು ಬಂದದ್ದು ಕೊನೆಗೆ. ನೀವೂ ನೆರೆ ಬಂದ ಊರಿನ ಪದದಿಂದ ಶುರು ಮಾಡಬಹುದು, ಬೀಸುವ ಪದವೋ ಸೋಬಾನೆಯೋ, ಅಲ್ಲಿಯವರೇ ಹಾಡಿದರೆ ಇನ್ನೂ ಒಳ್ಳೆಯದು.

ಸಿನಿಮಾ ಹಾಡು ಇದ್ದರೆ ಹಾಡು ಬರೆದವರ, ರಾಗ ಹಾಕಿದವರ ಹಕ್ಕು ನೋಡಿಕೊಳ್ಳುವ ಐಪಿಆರ್‌ಎಸ್ ಸಂಸ್ಥೆಯ ಲೈಸೆನ್ಸ್ ಬಗ್ಗೆ ಮೊದಲೇ ವಿಚಾರಿಸಿ. ಟಿಕೆಟ್ ಇಟ್ಟ ಮೇಲೆ ಒಳ್ಳೆ ಕೆಲಸ ಅನ್ನೋ ಕಾರಣಕ್ಕೆ ವಿನಾಯಿತಿ ಸಿಗೋದಿಲ್ಲ. ವಚನ, ದಾಸರ ಪದಗಳ ಸಾಹಿತ್ಯಕ್ಕೆ ಈ ತಲೆನೋವಿಲ್ಲ.

ಇನ್ನೊಂದು, ಕ್ಯೂಆರ್ ಕೋಡ್ ತೋರಿಸಿ ದುಡ್ಡು ಕೇಳೋದನ್ನು ಮಧ್ಯಂತರಕ್ಕೆ ಮೊದಲೇ ಮುಗಿಸಿ, ಎಲ್ಲರಿಗೂ ಗೊತ್ತಿರುವ ಹಾಡೊಂದು ಮುಗಿದ ಕೂಡಲೇ. ಕೊನೆಗೆ ಇಟ್ಟುಕೊಂಡರೆ ಅಷ್ಟು ಹೊತ್ತಿಗೆ ಅರ್ಧ ಜನ ಲೋಕಲ್ ಹಿಡಿಯೋಕೆ ಸ್ಟೇಷನ್ ಕಡೆ ಹೊರಟಿರ್ತಾರೆ.